ಮರದಾಚೆಯ ಮೇಡಂ

ಮುನಿಲಕ್ಷ್ಮಿ, ಅವತ್ತು ಅಧಿಕಾರಿಯ ಮುಂದೆ ನಿನ್ನ ಬಗ್ಗೆ ನಾನು ಹೇಳಿದ್ದು ಸುಳ್ಳು. ಗಾಬರಿಯಲ್ಲಿ ಬಾಯಿ ತಪ್ಪಿ ಬಂದದ್ದಲ್ಲ — ಗೊತ್ತಿದ್ದೇ ಹೇಳಿದ ಸುಳ್ಳು. ನನ್ನ ಕುರ್ಚಿ ಉಳಿಸಿಕೊಳ್ಳಲು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ತಲೆಗೆ ಕಟ್ಟಿದ ಸುಳ್ಳು. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ; ಬಂದಿದ್ದರೆ ಚೆನ್ನಾಗಿತ್ತೇನೋ. ಬರುತ್ತಿರುವುದು ಹೇಸಿಗೆ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ, ಈ ಮುಖಕ್ಕೆ ಇದು ಬೇರೆ ಕೇಡು ಅನ್ನಿಸುತ್ತದೆ.

ನೀನು ಓದಿದ ಶಾಲೆಯನ್ನು ನಿನಗೇ ವಿವರಿಸುವುದು ವಿಚಿತ್ರ. ಆದರೆ ನೀನು ಕಂಡದ್ದು ಬೆಂಚಿನ ಮೇಲೆ ಕೂತು. ಸ್ಟಾಫ್ ರೂಮಿನಿಂದ ಅದು ಹೇಗೆ ಕಾಣುತ್ತಿತ್ತು ಎಂದು ನಾನು ಹೇಳಬೇಕು. ಬಿಳಿಯರ ಕಾಲದ ಕಲ್ಲು ಕಟ್ಟಡ, ಹೆಂಚಿನ ಮಾಡು, ವೈಟ್‌ಫೀಲ್ಡಿಗೆ ಬಂದ ಹೊಸಬರೆಲ್ಲ ನಿಂತು ಫೋಟೋ ತೆಗೆಯುವಂಥ ಕಮಾನು. ಕಮಾನಿನ ಕಲ್ಲಿನಲ್ಲಿ ಇಂಗ್ಲಿಷಿನ ಒಂದು ಸಾಲು, ಅದರ ಕೆಳಗೆ ಕನ್ನಡದ ಒಂದು ಸಾಲು. ಎರಡೂ ಭಾಷೆಯ ಮಕ್ಕಳು ಒಂದೇ ಸೂರಿನಡಿ ಓದಲಿ ಎಂಬುದು ಕಟ್ಟಿಸಿದವರ ಆಸೆಯಾಗಿತ್ತಂತೆ. ನಾನು ದಾವಣಗೆರೆಯಿಂದ ಬಂದು ಕೆಲಸಕ್ಕೆ ಸೇರುವ ಹೊತ್ತಿಗೆ ಸೂರು ಎರಡಾಗಿತ್ತು. ರಸ್ತೆಯ ಕಡೆಗೆ ಇಂಗ್ಲಿಷ್ ವಿಭಾಗ. ಹಳೆಯ ಹುಣಸೆಮರ ದಾಟಿ, ಶೌಚಾಲಯದ ಪಕ್ಕದಲ್ಲಿ, ಕನ್ನಡ ವಿಭಾಗ. ನಾವು ಟೀಚರುಗಳು ಅದನ್ನು 'ಮರದಾಚೆ' ಎನ್ನುತ್ತಿದ್ದೆವು, ಊರಾಚೆ ಅನ್ನುವ ಹಾಗೆ.

ಈಗ ನಿನಗೆ ಗೊತ್ತಿರದ ಮಾತು. ಸರ್ಕಾರ ಸಂಬಳ ಕೊಡುತ್ತಿದ್ದದ್ದು ಕನ್ನಡ ವಿಭಾಗದ ಟೀಚರುಗಳಿಗೆ ಮಾತ್ರ. ನನ್ನ ನೇಮಕ ಆಗಿದ್ದೂ ಅಲ್ಲಿಗೇ — ನಿಮ್ಮ ವಿಜ್ಞಾನದ ಟೀಚರ್ ನಾನು. ಆದರೆ ಸೇರಿದ ಮೊದಲ ವಾರವೇ ಶಾಲೆಯ ಕಾರ್ಯದರ್ಶಿ ನನ್ನನ್ನು ಕೋಣೆಗೆ ಕರೆಸಿ, ಕಾಫಿ ತರಿಸಿ, "ನಿಮ್ಮಂಥೋರ್ನ ಮರದಾಚೆ ಹಾಕಿ ವೇಸ್ಟ್ ಮಾಡಕ್ಕಾಗಲ್ಲ ಮೇಡಂ. ಈ ಕಡೆ ಪೇರೆಂಟ್ಸ್ ಫೀಸ್ ಕಟ್ತಾರೆ, ಕೇಳ್ತಾರೆ. ಆ ಕಡೆ ಯಾರ್ ಕೇಳ್ತಾರೆ ಹೇಳಿ?" ಎಂದರು. ನಾನು ಒಪ್ಪಿದೆ. ಬಲವಂತ ಇರಲಿಲ್ಲ, ಮುನಿಲಕ್ಷ್ಮಿ. ಇಂಗ್ಲಿಷ್ ವಿಭಾಗದಲ್ಲಿ ಫ್ಯಾನ್ ಇತ್ತು, ಅಪಾರ್ಟ್‌ಮೆಂಟಿನ ತಾಯಂದಿರು ಟೀಚರ್ಸ್ ಡೇಗೆ ಸೀರೆ ತರುತ್ತಿದ್ದರು, ಕನ್ನಡ ಮೀಡಿಯಮ್ಮಿನಲ್ಲೇ ಓದಿ ಬಂದ ನನಗೆ 'ಇಂಗ್ಲಿಷ್ ಸೆಕ್ಷನ್ ಟೀಚರ್' ಎಂಬ ಬಿರುದು ಹಿತವಾಗಿತ್ತು. ನಿಮ್ಮ ವಿಜ್ಞಾನದ ಪೀರಿಯಡ್ಡಿಗೆ ಪಿ.ಟಿ. ಮೇಷ್ಟ್ರು ಬಂದು, "ಓದ್ಕೊಳ್ರೋ" ಎಂದು ಹೇಳಿ ಪೇಪರ್ ಬಿಡಿಸಿ ಕೂರುತ್ತಿದ್ದರು.

ಇನ್ನೂ ಅಸಹ್ಯದ ಸಂಗತಿ ಎಂದರೆ ಇಂಗ್ಲಿಷ್ ವಿಭಾಗದಲ್ಲಿ ನಾನು ಮಾಡುತ್ತಿದ್ದದ್ದು ಪಾಠವಲ್ಲ. ಇಂಗ್ಲಿಷಿನಲ್ಲಿ ವಿವರಿಸಲು ನನಗೆ ಬರುತ್ತಿರಲಿಲ್ಲ. ಗೈಡಿನಿಂದ ನೋಟ್ಸ್ ಬರೆಸುತ್ತಿದ್ದೆ. ಯಾವನಾದರೂ ಪ್ರಶ್ನೆ ಕೇಳಿದರೆ "ಸೈಲೆನ್ಸ್" ಎನ್ನುತ್ತಿದ್ದೆ. ಆ ಮಕ್ಕಳು ಸಂಜೆ ಟ್ಯೂಷನ್ನಿಗೆ ಹೋಗಿ ಕಲಿತುಕೊಳ್ಳುತ್ತಿದ್ದರು. ಅವರಿಗೆ ನಾನು ಬೇಕಿರಲಿಲ್ಲ. ಕನ್ನಡದಲ್ಲಾದರೆ ನಾನು — ಇಲ್ಲ, ಅದನ್ನು ಹೇಳಿ ಜಂಬ ಪಡುವ ಹಕ್ಕೂ ನನಗಿಲ್ಲ. ಬೇಕಿದ್ದ ಕಡೆ ಹೋಗಲಿಲ್ಲ, ಹೋದ ಕಡೆ ಕಲಿಸಲು ಬರುತ್ತಿರಲಿಲ್ಲ. ಹೀಗೆ ಸವೆಸಿದ ಸರ್ವೀಸಿಗೆ ಈಗ ಪೆನ್ಷನ್ ಬರುತ್ತಿದೆ.

ಇಲಾಖೆಯಿಂದ ಇನ್‌ಸ್ಪೆಕ್ಷನ್ ಬರುವ ಸುದ್ದಿ ನಮಗೆ ಮೊದಲೇ ಸಿಗುತ್ತಿತ್ತು. ಆ ದಿನ ಜವಾನ ಕ್ಲಾಸಿನಿಂದ ಕ್ಲಾಸಿಗೆ ಬಂದು, ಬಾಗಿಲಲ್ಲಿ ನಿಂತು ಹಲ್ಲು ಬಿಡುತ್ತಾ, "ಮೇಡಂ, ಮರ ದಾಟ್ಬೇಕಂತೆ" ಎನ್ನುತ್ತಿದ್ದ. ನಾವು ಕೆಲವರು ಸೆರಗು ಸರಿಮಾಡಿಕೊಂಡು ಹುಣಸೆಮರದ ಕೆಳಗಿಂದ ನಿಮ್ಮ ಕಡೆ ನಡೆಯುತ್ತಿದ್ದೆವು. ಹಿಂದಿನ ದಿನವೇ ಪಿ.ಟಿ. ಮೇಷ್ಟ್ರು ನಿಮಗೆ ನಮ್ಮ ಹೆಸರು ಬಾಯಿಪಾಠ ಮಾಡಿಸಿರುತ್ತಿದ್ದರು. ನಾವು ದಾರಿಯುದ್ದಕ್ಕೂ ನಗಾಡುತ್ತಿದ್ದೆವು. ಯಾರಿಗೂ ಇದು ಕಳ್ಳತನ ಅನ್ನಿಸುತ್ತಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ಹಾಗೆ ಇದೂ ಒಂದು ಪದ್ಧತಿ.

ನನ್ನ ಬಳಿ ಇನ್‌ಸ್ಪೆಕ್ಷನ್ನಿಗೆಂದೇ ಒಂದು ಪಾಠವಿತ್ತು, ಪ್ರತಿ ಸಲವೂ ಅದೇ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಕವುಚುವುದು. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ಗಾಳಿಯೊಳಗಿನ ಆಮ್ಲಜನಕ ಉರಿದು ಹೋಯಿತು, ಆ ಜಾಗಕ್ಕೆ ನೀರು ಬಂತು — ಇಷ್ಟು ಹೇಳಿ ಮುಗಿಸುತ್ತಿದ್ದೆ. ಅಧಿಕಾರಿಗಳಿಗೆ ಅದು ಬಹಳ ಇಷ್ಟ.

ಅವತ್ತು ನೀನು ಎರಡನೇ ಬೆಂಚಿನಲ್ಲಿದ್ದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಬತ್ತಿ ಹಚ್ಚಿದಾಗಿನಿಂದ ನೀನು ಕಣ್ಣು ಮಿಟುಕಿಸಲಿಲ್ಲ. ನಾನು ಹೇಳಿ ಮುಗಿಸಿದ ಕೂಡಲೇ ಎದ್ದು ನಿಂತೆ.

"ಮೇಡಂ, ದೀಪ ಉರಿಯೋವಾಗ ನೀರು ಏರ್ಲಿಲ್ಲ. ಆರಿದ್ಮೇಲೆ ಸರ್ರಂತ ಏರ್ತು. ಯಾಕೆ ಅಂಗೆ?"

ಅಷ್ಟು ವರ್ಷ ಅದೇ ಪ್ರಯೋಗ ಮಾಡಿದ ನಾನು ಅದನ್ನು ಗಮನಿಸಿರಲಿಲ್ಲ. ನೀನು ಒಂದೇ ಸಲ ನೋಡಿ ಹಿಡಿದಿದ್ದೆ. ಬಿಸಿಯಾಗಿದ್ದ ಗಾಳಿ ದೀಪ ಆರಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ, ಅದಕ್ಕೇ ನೀರು ಏರುವುದು ಎಂದು ನಾನು ತಿಳಿದುಕೊಂಡದ್ದು ಆಮೇಲೆ, ಎಷ್ಟೋ ಆಮೇಲೆ. ಅವತ್ತು "ಕೂತ್ಕೋ, ಆಮೇಲೆ ಹೇಳ್ತೀನಿ" ಎಂದೆ. ನೀನು ಕೂರಲಿಲ್ಲ. ನಿನ್ನ ಮುಖದಲ್ಲಿ ಎಂಥ ಖುಷಿ ಇತ್ತು! ಆ ಖುಷಿಯಲ್ಲೇ ಕೇಳಿದೆ:

"ನಾಳೆನೂ ಬರ್ತೀರಾ ಮೇಡಂ?"

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ತಲೆ ಎತ್ತಿದರು. "ನಾಳೆನೂ ಅಂದ್ರೆ? ದಿನಾ ಬರಲ್ವೇನ್ರೀ ನೀವು?"

ಬಾಗಿಲಲ್ಲಿ ಕಾರ್ಯದರ್ಶಿ ನಿಂತಿದ್ದರು. ಅವರು ನನ್ನನ್ನೇ ನೋಡಿದರು. ನಿಜ ಹೇಳಿದ್ದರೆ ಏನಾಗುತ್ತಿತ್ತು? ಒಂದು ನೋಟೀಸು, ಒಂದಿಷ್ಟು ಅವಮಾನ, ಬಹುಶಃ ಮರುದಿನದಿಂದ ನಿಮ್ಮ ಕ್ಲಾಸಿಗೇ ಬರಬೇಕಾಗುತ್ತಿತ್ತು. ಅದೇ ನನಗೆ ಬೇಡವಾಗಿತ್ತು. ನಾನು ನಕ್ಕು, ನೀನು ಕೇಳುವ ಹಾಗೆಯೇ ಹೇಳಿದೆ:

"ಆ ಹುಡುಗಿಗೆ ಸ್ವಲ್ಪ ಬುದ್ಧಿ ಕಡಿಮೆ ಸಾರ್. ಯಾವಾಗ್ಲೂ ಹೀಗೇ, ಏನೇನೋ ಕೇಳ್ತಿರ್ತಾಳೆ."

ಕ್ಲಾಸು ಗೊಳ್ಳೆಂದು ನಕ್ಕಿತು. ಅಧಿಕಾರಿ "ಪಾಪ" ಎಂದು ಎದ್ದರು. ಬೋಂಡ, ಕಾಫಿ ಕಾಯುತ್ತಿತ್ತು. ನೀನು ಮಾತ್ರ ಇನ್ನೂ ನಿಂತೇ ಇದ್ದೆ. ಸಿಟ್ಟಾಗಲಿಲ್ಲ. ನಾನು ಹೇಳಿದ್ದು ನಿಜವೇ ಎಂದು ಯೋಚಿಸುವವಳ ಹಾಗೆ ನನ್ನನ್ನೇ ನೋಡುತ್ತಿದ್ದೆ.

ಮರುದಿನ ನಾನು ಬರಲಿಲ್ಲ. ಆ ವರ್ಷ ಮತ್ತೆ ಮರ ದಾಟಲೇ ಇಲ್ಲ. ಆದರೆ ನನ್ನ ಮಾತು ಅಲ್ಲಿ ಉಳಿದುಕೊಂಡಿತು. ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಗುತ್ತಾ ಹೇಳಿದರು: "ನಿಮ್ ಬುದ್ಧಿವಂತೇನ ಲಾಸ್ಟ್ ಬೆಂಚಿಗೆ ಹಾಕಿದೀನಿ ಮೇಡಂ, ಈಗ ಉಸಿರೇ ಎತ್ತಲ್ಲ." ನಾನು ಬಿಸ್ಕತ್ತು ಅದ್ದಿಕೊಂಡು ಟೀ ಕುಡಿದೆ. ಹತ್ತನೇ ಕ್ಲಾಸಿನಲ್ಲಿ ನೀನು ವಿಜ್ಞಾನದಲ್ಲಿ ಫೇಲಾದದ್ದು, ನಿಮ್ಮಮ್ಮ ನಿನ್ನನ್ನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಸೇರಿಸಿದ್ದು, ಎಲ್ಲವೂ ಕಿವಿಗೆ ಬಿತ್ತು. "ಅಯ್ಯೋ" ಎಂದೆ. ಅಯ್ಯೋ ಅನ್ನುವುದಕ್ಕೆ ಖರ್ಚಿಲ್ಲವಲ್ಲ.

ಈಗ ಈ ಬೇಸಿಗೆಯ ಮಾತು. ಕನ್ನಡ ವಿಭಾಗ ಮುಚ್ಚಿ ವರ್ಷಗಳಾದವು. ಮಕ್ಕಳೇ ಬರುವುದಿಲ್ಲ ಎಂದು ಎಲ್ಲರೂ ನೊಂದುಕೊಂಡರು, ಬಂದವರಿಗೆ ಏನು ಕೊಟ್ಟೆವು ಎಂದು ಯಾರೂ ಕೇಳಿಕೊಳ್ಳಲಿಲ್ಲ. ಆ ಕೊಠಡಿಗಳಲ್ಲಿ ಮುರಿದ ಬೆಂಚು ತುಂಬಿದ್ದಾರೆ. ಇಂಗ್ಲಿಷ್ ವಿಭಾಗದಲ್ಲಿ ಗೋಡೆಗೆ ಹೊಳೆಯುವ ಪರದೆ ಬಂದಿದೆ; ಮುಂದೆ ನಿಂತು ಕಲಿಸುವವರು ಬೇರೆ ಕೆಲಸ ಸಿಗುವ ತನಕ ಇದ್ದು ಹೋಗುವವರು. ನಿವೃತ್ತಳಾದ ನನ್ನನ್ನು 'ಹಿರಿಯರು' ಎಂದು ಅಡ್ಮಿಷನ್ ಸಂದರ್ಶನಕ್ಕೆ ಕೂರಿಸುತ್ತಿದ್ದರು. ನಾನೂ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ ಕೂರುತ್ತಿದ್ದೆ.

ನೀನು ಮಗಳನ್ನು ಕರೆದುಕೊಂಡು ಬಂದೆ. ಬಾಗಿಲಲ್ಲೇ ಗುರುತು ಸಿಕ್ಕಿತು. ನೀನು ಕೈ ಮುಗಿದು, ಕುಂದಲಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೀನಿ ಅಂದೆ. ಪ್ರಿನ್ಸಿಪಾಲರು ನಿನಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮಕ್ಕಳಿಗಿಂತ ಮೊದಲು ತಂದೆತಾಯಿಯನ್ನು ಅಳೆಯುವುದು ಅಲ್ಲಿನ ಈಗಿನ ಪದ್ಧತಿ. ನೀನು ತಡವರಿಸಿದೆ. ಮಗಳು ನಿನ್ನ ಸೆರಗು ಹಿಡಿದು ಮೇಲಿನ ಫ್ಯಾನನ್ನೇ ನೋಡುತ್ತಾ, ಅದು ನಿಂತಾಗ ಯಾಕೆ ಹಿಂದಕ್ಕೆ ತಿರುಗುವುದಿಲ್ಲ ಎಂದು ಕೇಳಿದಳು. ಪ್ರಿನ್ಸಿಪಾಲರು ಫಾರಂ ತಿರುವಿದರು. ಆಗ ನೀನು ನನ್ನ ಕಡೆ ತಿರುಗಿ, ಬೇಡಿಕೊಳ್ಳುವವಳ ಹಾಗೆ —

"ಮೇಡಂ, ನನ್ ನೋಡಿ ಇವ್ಳಿಗೆ ಸೀಟು ಇಲ್ಲ ಅನ್ಬೇಡಿ. ನಂಗೆ ಬುದ್ಧಿ ಕಡ್ಮೆ ಅಂತ ನೀವೇ ಯೋಳಿದ್ರಲ್ಲ. ಇವ್ಳು ನನ್ನಂಗಲ್ಲ ಮೇಡಂ, ಸಾನೆ ಚುರುಕು."

ವ್ಯಂಗ್ಯವಾಗಿ ಹೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀನು ನಂಬಿ ಹೇಳಿದೆ. ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದೀಯ. ಹೊಲಿಗೆ ಕಲಿಯುವಾಗ, ಅಂಗಡಿ ಹಾಕುವಾಗ, ಮಗಳು ಪ್ರಶ್ನೆ ಕೇಳಿದಾಗಲೆಲ್ಲ — ನನಗೆ ಬುದ್ಧಿ ಕಡಿಮೆ, ಮೇಡಂ ಹೇಳಿದ್ದಾರೆ ಎಂದು.

ನಾನೇನು ಮಾಡಿದೆ? ನೀರಿನ ಲೋಟ ಎತ್ತಿಕೊಂಡೆ. ನೀವು ಹೊರಗೆ ಹೋದ ಮೇಲೆ ಪ್ರಿನ್ಸಿಪಾಲರು, "ಮಗು ಪರವಾಗಿಲ್ಲ, ಆದ್ರೆ ಮನೇಲಿ ಹೇಳ್ಕೊಡೋರು ಯಾರೂ ಇಲ್ಲ, ಕಷ್ಟ" ಎಂದರು. ನಾನು ಒಪ್ಪಿ ತಲೆಯಾಡಿಸಿದೆ; ಸೀಟು ಸಿಗಲಿಲ್ಲ. ಹೌದು, ಎರಡನೇ ಸಲವೂ. ಮೊದಲ ಸಲ ಕೆಲಸ ಹೋಗುವ ಭಯವಿತ್ತು ಎಂದುಕೊಳ್ಳೋಣ. ಈ ಸಲ ಕಳೆದುಕೊಳ್ಳಲು ಏನಿತ್ತು ನನಗೆ? ಒಂದು ಕುರ್ಚಿ, ಅದೂ ಮಧ್ಯಾಹ್ನದ ತನಕ.

ಆ ಸಂದರ್ಶನದ ಕೆಲಸ ಬಿಟ್ಟೆ. ಅದೇನು ದೊಡ್ಡ ತ್ಯಾಗವಲ್ಲ. ನಿನ್ನ ಮಗಳಿಗೆ ನಾನೇ ಪಾಠ ಹೇಳಿಕೊಡುತ್ತೇನೆ ಎಂಬ ಯೋಚನೆಯೂ ಬಂತು — ಥೂ, ಅಷ್ಟು ಸುಲಭಕ್ಕೆ ಪುಣ್ಯ ಕಟ್ಟಿಕೊಳ್ಳಲು ನೋಡುತ್ತಿದ್ದೇನೆ. ಅದನ್ನು ಕೇಳಬೇಕೋ ಬೇಡವೋ ಎನ್ನುವುದು ನಿನಗೆ ಬಿಟ್ಟದ್ದು. ನಾನು ಮಾಡಬೇಕಾದದ್ದು ಅದಕ್ಕೂ ಮೊದಲಿನದು.

ಈ ಬರಹ ನಿನ್ನ ಕೈಗೆ ಸಿಗುತ್ತದೋ ಇಲ್ಲವೋ. ಸಿಗಲಿ ಎಂದು ಕಾಯುವುದೂ ಒಂದು ಹೇಡಿತನ. ನಾಳೆ ನಿನ್ನ ಅಂಗಡಿಗೆ ಬರುತ್ತೇನೆ. ಮುನಿಲಕ್ಷ್ಮಿಗೆ ಬುದ್ಧಿ ಕಡಿಮೆ ಇರಲಿಲ್ಲ, ಇಡೀ ಶಾಲೆಯಲ್ಲಿ ಅವಳು ಕಂಡದ್ದನ್ನು ಯಾರೂ ಕಂಡಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದು ಹೇಳುತ್ತೇನೆ. ನೀನೊಬ್ಬಳೇ ಇರುವ ಹೊತ್ತು ನೋಡಿಕೊಂಡು ಬರುವುದಿಲ್ಲ. ಗಿರಾಕಿಗಳು ತುಂಬಿರುವಾಗ, ನಿನ್ನ ಮಗಳು ಪಕ್ಕದಲ್ಲಿರುವಾಗ ಬರುತ್ತೇನೆ. ಅವತ್ತು ಕ್ಲಾಸು ತುಂಬಾ ಮಕ್ಕಳಿದ್ದರು.