ಮಕ್ಕಳನ್ನು ಮುಟ್ಟಬಾರದ ಸುಸ್ಸಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಸುಸ್ಸಮ್ಮ ಮೊಣಕಾಲೂರಿ ಕೂತು ನೆಲ ತಿಕ್ಕುತ್ತಿದ್ದಾರೆ. ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು, ಕೈಯಲ್ಲಿ ಕೂದಲು ಸವೆದ ಹಲ್ಲುಜ್ಜುವ ಬ್ರಷ್ಷು. ಕಲ್ಲುಕಲ್ಲಿನ ಸಂದಿಗೂ ಬ್ರಷ್ಷು ಇಳಿಸಿ ಉಜ್ಜುತ್ತಾರೆ, ಒರೆಸುತ್ತಾರೆ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ ಬೆಳಕಿಗೆ ನೋಡುತ್ತಾರೆ. "ತೆವಳೋ ಮಕ್ಳು ನೋಡಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ಹೋಗೋದು. ಮೊನ್ನೆ ಒಂದು ಅಂಗಿ ಗುಂಡಿ ಸಿಕ್ತು, ಎದೆ ಧಸಕ್ ಅಂತು" ಎನ್ನುತ್ತಾರೆ.

ಪಾಳಿಯ ಗಂಟೆ ಹೊಡೆಯುವ ಹೊತ್ತಿಗೆ ಹೊಲಿಗೆಯ ಹೆಂಗಸರು ಕಂಕುಳಲ್ಲಿ ಕೂಸು ಹೊತ್ತು ಬರುತ್ತಾರೆ. ಬಾಗಿಲಲ್ಲಿ ನಿಂತ ಹುಡುಗಿ ವಯಸ್ಸಿನ ಆಯಾ ಒಂದೊಂದನ್ನೇ ಇಸಿದುಕೊಂಡು ಚಾಪೆಯ ಮೇಲೆ ಬಿಡುತ್ತಾಳೆ. ಹನ್ನೊಂದು ಮಕ್ಕಳು. ಒಂದು ಮಗು ಚಾಪೆಗೆ ಬಿದ್ದದ್ದೇ ತಡ, ಸುಸ್ಸಮ್ಮನ ಕಡೆಗೆ ತೆವಳಿ ಬಂದು ಎರಡೂ ಕೈ ಮೇಲೆತ್ತುತ್ತದೆ. ಸುಸ್ಸಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದಕ್ಕೆ ಸೇರಿಸಿಕೊಳ್ಳುತ್ತಾರೆ. "ಬೇಡ ಕಂದ, ಕೈ ಒದ್ದೆಯಾಗಿದೆ" ಎನ್ನುತ್ತಾರೆ. ಕೈ ಒದ್ದೆಯಾಗಿಲ್ಲ. ಈಗಷ್ಟೇ ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಸುಸ್ಸಮ್ಮ ಮಕ್ಕಳನ್ನು ಮುಟ್ಟುವ ಹಾಗಿಲ್ಲ. ಎರಡು ತಿಂಗಳ ಹಿಂದೆ ಬಂದ ಆದೇಶ ಇದು. ಈ ಕೋಣೆಯಲ್ಲಿ ಒಂದು ತಲೆಮಾರಿನ ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸಿಗೆ, ಇನ್ನು ನೆಲ ಮಾತ್ರ ಮುಟ್ಟು ಎಂದಿದ್ದಾರೆ. "ಮಕ್ಕಳ ಕೋಣೆಯನ್ನು ಹೊಸದು ಮಾಡಿದ್ದೇವೆ, ಬಂದು ನೋಡಿ ಬರೆಯಿರಿ" ಎಂದು ನಮ್ಮ ಪತ್ರಿಕೆಯನ್ನು ಕರೆದವರು ಕಾರ್ಖಾನೆಯವರೇ. ನೋಡಿದ್ದನ್ನೇ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯುವುದು ಮಾತ್ರ ನನ್ನಿಂದಾಗದು.

ಹಿಂದೆ ಸುಸ್ಸಮ್ಮನೂ ಹೊಲಿಗೆ ಯಂತ್ರದ ಮುಂದೆ ಕೂತವರೇ. ಒಂದು ದಿನ ಸೂಜಿ ತೋರುಬೆರಳನ್ನು ತೂರಿ ಆಚೆ ಹೊರಟಿತು. ಬೆರಳು ಉಳಿಯಿತು, ಆದರೆ ಮಡಚಲು ಬಾರದಾಯಿತು. ಹೊಲಿಯಲಾರದವಳಿಗೆ ಪೊರಕೆ ಕೊಟ್ಟು ಈ ಕೋಣೆಗೆ ಕಳಿಸಿದರು. ಆಗ ಇಲ್ಲಿ ಇದ್ದದ್ದು ಒಂದು ಕಿಟಕಿ, ಒಂದು ಹರಿದ ಚಾಪೆ, ಬೋರಲು ಬಿದ್ದು ಅಳುವ ಮಕ್ಕಳು. "ಕಸ ಗುಡ್ಸೋಕೆ ಬಂದೆ. ಒಂದು ಮಗು ಅಳ್ತಾ ಇತ್ತು, ಎತ್ಕೊಂಡೆ. ಎತ್ಕೋ ಅಂತ ಯಾರೂ ಹೇಳ್ಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ" ಎನ್ನುತ್ತಾರೆ. ಮುಂದೆ ಆಯಾ ಒಬ್ಬರು ಬಂದರು, ಇಬ್ಬರಾದರು. ಆದರೂ ಮಕ್ಕಳನ್ನು ಕೂರಿಸುವ ಕೆಲಸ ಸುಸ್ಸಮ್ಮನ ಕೈಯಲ್ಲೇ ಉಳಿಯಿತು, ಯಾವ ಅಧಿಕಾರಿಗೂ ಅದೊಂದು ಕೆಲಸವೆಂದು ಹೊಳೆಯದ ಕಾರಣ.

ಕೂರಿಸುವುದು ಎಂದರೆ ಇಷ್ಟೇ. ನೆಲದ ಮೇಲೆ ಕಾಲು ಚಾಚಿ ಕೂರಬೇಕು. ಎರಡು ಪಾದಗಳ ನಡುವೆ ಬೋಗುಣಿ. ಪಾದಗಳ ಮೇಲೆ ಮಗುವನ್ನು ಕೂರಿಸಿ, ಬೆನ್ನಿಗೆ ಕೈ ಕೊಟ್ಟು, ಮೆಲ್ಲಗೆ 'ಸುಸ್ಸ್ಸ್' ಎನ್ನಬೇಕು. ನಿದ್ದೆಯಿಂದ ಎದ್ದಾಗ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ, ಉಳಿದಂತೆ ಮಗು ಹೇಳಿದಾಗ. ಈ ಸದ್ದಿನಿಂದಲೇ ತಾಯಂದಿರು ಅವರನ್ನು ಸುಸ್ಸಮ್ಮ ಎಂದದ್ದು. ಮಾತು ಬಾರದ ಮಗು ಹೇಗೆ ಹೇಳುತ್ತದೆ ಎಂದು ಕೇಳಿದರೆ ನಗುತ್ತಾರೆ. "ಒಂದು ಆಡ್ತಾ ಆಡ್ತಾ ಸುಮ್ನಾಗ್ಬಿಡುತ್ತೆ. ಒಂದಕ್ಕೆ ಮೈ ಜುಂ ಅನ್ನುತ್ತೆ. ಇನ್ನೊಂದು ನನ್ ಮುಖಾನೇ ನೋಡುತ್ತೆ, ಸಾಲ ಕೊಟ್ಟೋರ ಹಾಗೆ." ಎಲ್ಲ ಸಲವೂ ಗೊತ್ತಾಗುತ್ತಿತ್ತೇ? "ಎಲ್ಲಿ ಗೊತ್ತಾಗುತ್ತೆ ಮೇಡಂ! ದಿನಾ ಮಡಿಲು ಒದ್ದೆ. ಇನ್ನೊಂದು ಜೊತೆ ಬಟ್ಟೆ ತಂದಿಟ್ಕೊಂಡೇ ಇರ್ತಿದ್ದೆ."

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಸುಸ್ಸಮ್ಮನ ಕೈ ಕೆಸರಿಗಿಂತ ಕಡೆಯದರಲ್ಲೂ ಆಡಿದೆ, ಮೊಸರಿನ ಸುದ್ದಿಯಿಲ್ಲ.

ಡೈಪರ್ ಕಂಡರೆ ಅವರಿಗೆ ಆಗುವುದಿಲ್ಲ ಎಂದುಕೊಂಡಿದ್ದರೆ ತಪ್ಪು. "ದೂರದ ಬಸ್ಸಲ್ಲಿ ಹೋಗ್ವಾಗ ಕಟ್ಲಿ, ಹುಷಾರಿಲ್ದಾಗ ಕಟ್ಲಿ. ರಾತ್ರಿ ಆ ತಾಯೀನೂ ನಿದ್ದೆ ಮಾಡ್ಬೇಕಲ್ಲ, ಕಟ್ಲಿ. ಕಟ್ಟಿದ್ಮೇಲೆ ಮಗೂನೇ ಮರ್ತುಬಿಡ್ತಾರಲ್ಲ, ಅದಕ್ಕೇ ನನ್ನ ಜಗಳ" ಎನ್ನುತ್ತಾರೆ.

ಎರಡು ತಿಂಗಳ ಹಿಂದೆ ಆದದ್ದು ಇಷ್ಟು. ಉಡುಪು ಕೊಳ್ಳುವ ಕಂಪನಿಯಿಂದ ಅತಿಥಿಗಳು ಬಂದಿದ್ದರು. ಮ್ಯಾನೇಜರು ಅವರನ್ನು ಈ ಕೋಣೆಗೆ ಕರೆತಂದರು. ಹಾಲೂಡಿಸುವ ಹೊತ್ತು, ತಾಯಂದಿರೆಲ್ಲ ಕೂಡಿ ಮಾತಿಗೆ ಬಿದ್ದಿದ್ದರು. ಮಕ್ಕಳು ಆಗಷ್ಟೇ ಹೊಟ್ಟೆ ತುಂಬಾ ಕುಡಿದಿದ್ದವು. ಒಬ್ಬ ಅತಿಥಿ ಫೋಟೊಗೆಂದು ಒಂದು ಮಗುವನ್ನು ಎತ್ತಿಕೊಂಡರು. ಮ್ಯಾನೇಜರು ತುಟಿಗೆ ಬೆರಳಿಟ್ಟು, ಹೆಂಗಸರ ಗದ್ದಲ ಅಡಗಿಸಲು, ಕೋಣೆಗೆಲ್ಲ ಕೇಳುವಂತೆ 'ಶ್ಶ್ಶ್ಶ್!' ಎಂದರು.

ದೊಡ್ಡವರಿಗೇ ಸಕಾರ ಶಕಾರದ ಗೊಂದಲ ಬಿಟ್ಟಿಲ್ಲ, ಹಾಲು ಕುಡಿಯುವ ಮಕ್ಕಳಿಗೆ ವ್ಯತ್ಯಾಸ ಎಲ್ಲಿಂದ ತಿಳಿಯಬೇಕು? ತಾಯಿಯ ಮಡಿಲಲ್ಲಿ ಒಂದು, ಚಾಪೆಯ ಮೇಲೆ ಎರಡು, ಅತಿಥಿಯ ತೋಳಲ್ಲಿ ಒಂದು, ಎಲ್ಲವೂ ಹೇಳಿದ ಮಾತು ಕೇಳಿದವು. ಅತಿಥಿಯ ಅಂಗಿಯಿಂದ ಷರಾಯಿಯವರೆಗೆ ಧಾರೆ ಇಳಿಯಿತು. ಆ ಮನುಷ್ಯ ಜೋರಾಗಿ ನಕ್ಕರಂತೆ, ಮಗುವಿನ ಕೆನ್ನೆಯನ್ನೂ ತಟ್ಟಿದರಂತೆ. ಹೆಂಗಸರೂ ಬಿದ್ದು ಬಿದ್ದು ನಕ್ಕರು. ನಗದೆ ನಿಂತವರು ಮ್ಯಾನೇಜರು ಒಬ್ಬರೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 'ಶ್ಶ್' ಎಂದವರು ಅವರು, ಒದ್ದೆ ಮಾಡಿದವು ಮಕ್ಕಳು, ಶಿಕ್ಷೆಯಾದದ್ದು ಸುಸ್ಸಮ್ಮನಿಗೆ. ಮರುದಿನವೇ ಗೋಡೆಗೆ ಕಾಗದ ಅಂಟಿತು. ಇನ್ನು ಮೇಲೆ ಪ್ರತಿ ಮಗುವಿಗೂ ಡೈಪರ್ ಕಡ್ಡಾಯ, ತಾಯಂದಿರೇ ತರಬೇಕು. ಹಿತ್ತಲ ಹಗ್ಗದಲ್ಲಿ ಮಕ್ಕಳ ಬಟ್ಟೆ ಒಣಹಾಕಬಾರದು. ಸ್ವಚ್ಛತಾ ಸಿಬ್ಬಂದಿ ಮಕ್ಕಳನ್ನು ಮುಟ್ಟಬಾರದು. ಕಾಗದದಲ್ಲಿ ಬರೆಯದ ಇನ್ನೊಂದು ಸಂಗತಿಯೂ ನಡೆಯಿತು. ಇಬ್ಬರು ಆಯಾಗಳಲ್ಲಿ ಹಿರಿಯಳನ್ನು ದಾರ ಕತ್ತರಿಸುವ ವಿಭಾಗಕ್ಕೆ ಕಳಿಸಿದರು. ಡೈಪರ್ ಕಟ್ಟಿದ ಮೇಲೆ ಹನ್ನೊಂದು ಮಕ್ಕಳಿಗೆ ಒಬ್ಬಳು ಸಾಕಂತೆ.

ಮ್ಯಾನೇಜರು ಒರಟರೇನಲ್ಲ. ಕುರ್ಚಿ ಕೊಡುತ್ತಾರೆ, ತಮ್ಮ ಮೊಮ್ಮಗಳ ಫೋಟೊ ತೋರಿಸುತ್ತಾರೆ. "ನಮಗೂ ಮಕ್ಕಳಂದ್ರೆ ಪ್ರೀತಿ ಇದೆ ಮೇಡಂ. ಇದೆಲ್ಲ ಹೈಜೀನ್ ಪ್ರಶ್ನೆ" ಎನ್ನುತ್ತಾರೆ. ಡೈಪರನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ ಎಂದರೆ "ಅಗತ್ಯ ಬಿದ್ದಾಗ" ಎಂಬ ಉತ್ತರ. ಅಗತ್ಯ ಬಿದ್ದದ್ದನ್ನು ನೋಡುವವರು ಯಾರು ಎಂದು ಕೇಳಿದೆ. ಅವರಿಗೆ ಫೋನ್ ಬಂತು.

ನೋಡಬೇಕಾದವಳು ಆ ಹುಡುಗಿ ಆಯಾ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಒಂದಕ್ಕೆ ಬಾಟಲಿ ಹಿಡಿದಿರುತ್ತಾಳೆ, ಇನ್ನೊಂದು ಕಿಟಕಿ ಹತ್ತುತ್ತಿರುತ್ತದೆ, ಮತ್ತೊಂದು ಮಗ್ಗುಲಿನ ಮಗುವಿನ ಕೂದಲು ಹಿಡಿದಿರುತ್ತದೆ. "ಬದಲಾಯಿಸ್ಬೇಕು ಅಂತ ಗೊತ್ತಾಗುತ್ತೆ ಅಕ್ಕ. ನಂಗಿರೋದೇ ಎರಡು ಕೈ. ದೊಡ್ಡಮ್ಮ ಇಲ್ಲೇ ಇದಾರೆ, ಅವರ ಕೈ ಕಟ್ಹಾಕಿದಾರೆ" ಎನ್ನುತ್ತಾಳೆ. ದೊಡ್ಡಮ್ಮ ಎಂದರೆ ಸುಸ್ಸಮ್ಮ. ಮಧ್ಯಾಹ್ನ ಅವಳು ಬಿಚ್ಚಿದ ಒಂದು ಡೈಪರ್ ಕೈಯಲ್ಲಿ ಜೋಲುವಷ್ಟು ಭಾರವಾಗಿತ್ತು. ಮಗುವಿನ ತೊಡೆಸಂದಿ ಕೆಂಪಗೆ ಸುಲಿದಿತ್ತು. ಮುಲಾಮು ತಾಗಿದೊಡನೆ ಅದು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ತಾಯಂದಿರು ಯಾಕೆ ಸುಮ್ಮನಿದ್ದಾರೆ? ಅದನ್ನು ತಿಳಿಯಲು ಹೊಲಿಗೆ ಯಂತ್ರಗಳ ಹಜಾರಕ್ಕೆ ಹೋಗಬೇಕು. ಪ್ರತಿ ಸಾಲಿನ ತುದಿಯಲ್ಲೂ ಮೊಳೆಗೆ ಒಂದು ಮರದ ಹಲಗೆ ತೂಗುಹಾಕಿದೆ, ಅಂಗೈಯಗಲದ್ದು. ಶೌಚಕ್ಕೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ತಂದು ಮತ್ತೆ ಅಲ್ಲೇ ನೇತುಹಾಕಬೇಕು. ಸಾಲಿಗೆ ಒಂದೇ ಹಲಗೆ. ಅದು ಮೊಳೆಯಲ್ಲಿ ಇಲ್ಲದಿದ್ದರೆ ಏಳುವ ಹಾಗಿಲ್ಲ. ಇದ್ದಾಗಲೂ ಎದ್ದವಳ ಮೇಲೆ ಮೇಲ್ವಿಚಾರಕರ ಕಣ್ಣು ಬೀಳುತ್ತದೆ. ತನಗಾಗಿಯೇ ಏಳಲು ಹೆದರುವವಳು ಮಗುವಿಗಾಗಿ ಎದ್ದು ಹೇಗೆ ಕೇಳಬೇಕು? ಗುಂಡಿ ಹೊಲಿಯುವ ಹೆಂಗಸೊಬ್ಬಳು ತಲೆಯೆತ್ತದೆ ಹೇಳುತ್ತಾಳೆ, "ನಾವು ನೀರೇ ಕುಡಿಯಲ್ಲ ಅಕ್ಕ. ಕುಡಿದ್ರೆ ತಾನೆ ತೊಂದ್ರೆ? ಹಾಲು ಕಮ್ಮಿ ಆಗಿದೆ ಅಂತ ಡಾಕ್ಟ್ರು ಬೈತಾರೆ. ಡಾಕ್ಟ್ರಿಗೆ ಹಲಗೆ ತೋರ್ಸೋಕಾಗುತ್ತಾ?"

ಹೆಂಗಸರು ಮೈಯ ಕರೆಯನ್ನು ಹಿಡಿದು ಹಿಡಿದು ರೋಗ ತಂದುಕೊಳ್ಳುವ ಕಟ್ಟಡ ಇದು. ಒಂದಕ್ಕೆ ಬಂದಾಗ ಹೋಗುವ ಸ್ವಾತಂತ್ರ್ಯ ಇಲ್ಲಿ ಇದ್ದದ್ದು ಹನ್ನೊಂದು ಕೂಸುಗಳಿಗೆ ಮಾತ್ರ. ಅದಕ್ಕೂ ಕಲ್ಲು ಹಾಕಿದರು. ಮುರಿದ ಯಂತ್ರ ರಿಪೇರಿ ಮಾಡುವವನಿಗೆ ಇಲ್ಲೊಂದು ಹುದ್ದೆಯಿದೆ, ಕೋಣೆಯಿದೆ. ಯಂತ್ರದ ಮುಂದೆ ಕೂತವಳ ಮಗುವನ್ನು ಒದ್ದೆಯಿಲ್ಲದ ಮೈಯಲ್ಲಿ ಮನೆಗೆ ಕಳಿಸುತ್ತಿದ್ದವಳಿಗೆ ಪೊರಕೆಯ ಹುದ್ದೆ. ನಾಚಿಕೆಯಾಗಬೇಕು. ಇದನ್ನು ಯಾವ ಸ್ವಚ್ಛತೆ ಎನ್ನುವುದು?

ಸುಸ್ಸಮ್ಮನೇಕೆ ಬಾಯಿ ಬಿಡುತ್ತಿಲ್ಲ ಎಂದು ಅವರನ್ನೇ ಕೇಳುತ್ತೇನೆ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೇವೆ. ಎದುರಿಗೆ ಖಾಲಿ ಹಗ್ಗ. "ಬಿಟ್ರೆ ಕೆಲ್ಸದಿಂದ ಬಿಡಿಸ್ತಾರೆ. ಈ ವಯಸ್ಸಲ್ಲಿ ನನ್ನನ್ನ ಇನ್ಯಾರು ಕರೀತಾರೆ? ಮನೇಲಿ ತಮ್ಮ ಇದಾನೆ, ಹಾಸಿಗೆ ಬಿಟ್ಟು ಏಳಲ್ಲ. ಅವನಿಗೂ ನಾನೇ ಎಲ್ಲ ಮಾಡ್ಬೇಕು. ಅವನಿಗಾದ್ರೆ ಬಾಯಿದೆ, ಅಕ್ಕಾ ಅಂತ ಕೂಗ್ತಾನೆ, ಹೋಗ್ತೀನಿ." ಹಗ್ಗದ ಕಡೆ ನೋಡುತ್ತಾರೆ. "ನನ್ನ ಕೆಲ್ಸ ಕಿತ್ಕೊಂಡಿದ್ದಕ್ಕೆ ಸಂಕಟ ಇಲ್ಲ ಮೇಡಂ. ಮಕ್ಳು ಹೇಳೋದು ಬಿಟ್ಬಿಟ್ವು, ಅದು ಸಂಕಟ. ಮೊದಮೊದ್ಲು ನನ್ ಕಡೆ ನೋಡ್ತಿದ್ವು, ಕುಂಯ್ ಅಂತಿದ್ವು. ನಾನು ನೆಲ ಒರೆಸ್ಕೊಂಡು ಆ ಕಡೆ ತಿರುಗ್ತಿದ್ದೆ. ಹೇಳಿದ್ರೂ ಕೇಳೋರಿಲ್ಲ ಅಂದ್ಮೇಲೆ ಯಾರು ತಾನೆ ಹೇಳ್ತಾರೆ? ಒಂದೊಂದೇ ಬಿಟ್ವು. ಈಗ ಒಂದೇ ಒಂದು ಉಳ್ಕೊಂಡಿದೆ."

ಆ ಒಂದು ಯಾವುದೆಂದು ನನಗೆ ಗೊತ್ತಿದೆ. ಬೆಳಿಗ್ಗೆ ತೆವಳಿ ಬಂದು ಕೈ ಎತ್ತಿತಲ್ಲ, ಅದೇ. ಗುಂಡಿ ಹೊಲಿಯುವವಳ ಮಗಳು. ಕೋಣೆಯಲ್ಲಿ ಎಲ್ಲರೂ ಅವಳನ್ನು ಬಟನ್ ಎನ್ನುತ್ತಾರೆ. ಒಂದಕ್ಕೆ ಬಂದಾಗ ಬಟನ್ ತನ್ನ ಎಡಗಿವಿ ಹಿಡಿದು ಎಳೆದುಕೊಳ್ಳುತ್ತದೆ. "ಎಷ್ಟು ದಿನ ಎಳ್ಕೊಳ್ಳುತ್ತೋ. ಇವತ್ತೋ ನಾಳೆಯೋ ಅದೂ ಬಿಡುತ್ತೆ" ಎಂದು ಸುಸ್ಸಮ್ಮ ಎದ್ದು ಒಳಗೆ ಹೋಗುತ್ತಾರೆ.

ಪಾಳಿ ಮುಗಿಯಲು ಇನ್ನೂ ಹೊತ್ತಿದೆ. ನಿದ್ದೆ ಮುಗಿಸಿ ಮಕ್ಕಳು ಎದ್ದಿವೆ. ಹುಡುಗಿ ಆಯಾ ಆ ಮೂಲೆಯಲ್ಲಿ ವಾಂತಿ ಮಾಡಿಕೊಂಡ ಮಗುವಿನ ಅಂಗಿ ಬಿಚ್ಚುತ್ತಿದ್ದಾಳೆ. ಸುಸ್ಸಮ್ಮ ಬಾಗಿಲ ಬಳಿ ನೆಲ ಒರೆಸುತ್ತಿದ್ದಾರೆ. ಚಾಪೆಯ ನಡುವೆ ಕೂತ ಬಟನ್ ಕೈಲಿದ್ದ ಗಿಲಕಿ ಬಿಟ್ಟು, ಸುಸ್ಸಮ್ಮನನ್ನೇ ನೋಡುತ್ತಾ, ಎಡಗಿವಿ ಹಿಡಿದು ಎಳೆಯುತ್ತದೆ. ಸುಸ್ಸಮ್ಮ ಮುಖ ತಿರುಗಿಸುತ್ತಾರೆ. ಬಟನ್ ಮತ್ತೆ ಎಳೆಯುತ್ತದೆ, ಈ ಸಲ ಕಿವಿ ಕೆಂಪಾಗುವ ಹಾಗೆ. ನಾನು ಪೆನ್ನು ಹಿಡಿದು ನಿಂತಿದ್ದೇನೆ.

ಸುಸ್ಸಮ್ಮ ಒರೆಸುವ ಕೋಲನ್ನು ಗೋಡೆಗೆ ಒರಗಿಸುತ್ತಾರೆ. ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಾರೆ, ಒರೆಸಿಕೊಳ್ಳುತ್ತಾರೆ. ಬೋಗುಣಿ ತಂದು, ನೆಲದ ಮೇಲೆ ಕಾಲು ಚಾಚಿ ಕೂತು, ಬಟನ್‌ನ ಡೈಪರ್ ಬಿಚ್ಚಿ ಬದಿಗಿಟ್ಟು ಪಾದಗಳ ಮೇಲೆ ಕೂರಿಸಿಕೊಳ್ಳುತ್ತಾರೆ. ಮಡಚಲಾರದ ಬೆರಳು ಮಗುವಿನ ಬೆನ್ನಿನುದ್ದಕ್ಕೂ ನೆಟ್ಟಗೆ ನಿಂತಿದೆ. "ಸುಸ್ಸ್ಸ್..." ಬಟನ್ ಒಂದು ಗಳಿಗೆ ಯೋಚಿಸುತ್ತದೆ. ಆಮೇಲೆ ಬೋಗುಣಿ ಸದ್ದು ಮಾಡುತ್ತದೆ. ಹುಡುಗಿ ಆಯಾ ತಿರುಗಿ ನೋಡಿ, ಏನೂ ಕಾಣದವಳಂತೆ ಮತ್ತೆ ಅಂಗಿಯ ಕಡೆ ಬಾಗುತ್ತಾಳೆ. ಬಟನ್ ಸುಸ್ಸಮ್ಮನ ಮುಖ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತದೆ.

"ಇದನ್ನ ಬರೆಯಲ್ಲ ಬಿಡಿ. ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ" ಎನ್ನುತ್ತೇನೆ.

ಸುಸ್ಸಮ್ಮ ಮಗುವಿಗೆ ತೊಳೆದು, ಒರೆಸಿ, ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಯಾಕೆ ಬರೆಯಲ್ಲ? ಬರೀರಿ. ಮಗು ಹೇಳ್ತು, ಎತ್ಕೊಂಡೆ. ಅಷ್ಟೇ ಬರೀರಿ."