ಅತ್ತೆಯ ತಲೆಗೆ ಜನವರಿ ಬಿಸಿಲು

ನಮ್ಮತ್ತೆಯ ತಲೆಯೊಳಗೆ ರಕ್ತನಾಳವೊಂದು ಗುಳ್ಳೆಯ ಹಾಗೆ ಊದಿಕೊಂಡಿದೆ, ಒಡೆಯುವ ಮೊದಲು ಮುಚ್ಚಬೇಕು ಎಂದು ಡಾಕ್ಟರು ಹೇಳಿದಾಗ ನಾನು ಇವತ್ತೇ ಮಾಡಿಬಿಡಿ ಅಂದೆ. ಅತ್ತೆ ಮಾತ್ರ ಕಿಟಕಿಯಾಚೆ ನೋಡುತ್ತ, "ಈಗ ಬೇಡ. ಜನವರೀಲಿ ಮಾಡಿ" ಎಂದರು. ಆಗಿನ್ನೂ ಜುಲೈ.

ತಲೆನೋವೆಂದು ಚಿಕ್ಕಮಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಈ ದೊಡ್ಡ ಆಸ್ಪತ್ರೆಗೆ ಬಂದಿದ್ದೆವು. ತಲೆ ಕೊಯ್ಯುವುದಿಲ್ಲ, ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆಯೊಂದನ್ನು ಮೆದುಳಿನವರೆಗೆ ಏರಿಸಿ ಗುಳ್ಳೆಯೊಳಗೆ ಒಂದು ದ್ರವ ತುಂಬುತ್ತೇವೆ, ಅದು ಆಚೆ ಹರಿಯದಂತೆ ಪುಟ್ಟ ಬಲೂನು ಅಡ್ಡ ಹಿಡಿಯುತ್ತೇವೆ, ದ್ರವ ಅಲ್ಲೇ ಗಟ್ಟಿಯಾಗುತ್ತದೆ ಎಂದು ಡಾಕ್ಟರು ವಿವರಿಸಿದರು. ತೊಡೆ, ನಳಿಗೆ, ಬಲೂನು ಎಲ್ಲವನ್ನೂ ಅತ್ತೆ ಒಪ್ಪಿದರು. ಗಟ್ಟಿಯಾಗುವುದನ್ನು ಮಾತ್ರ ಒಪ್ಪಲಿಲ್ಲ. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಜನವರಿ ಬಿಸಿಲಿಗೆ ಕಾಫಿ ಒಣಗಿಸುವ ಕಣದಲ್ಲಿ ಅವರದೇ ದರ್ಬಾರು. ಒಣಗಿದೆಯೋ ಇಲ್ಲವೋ ಎಂದು ಅವರು ಒಂದು ಬೀಜವನ್ನು ಹಲ್ಲಿಗಿಟ್ಟು ಕಡಿದು 'ಹ್ಞೂಂ' ಅನ್ನದೆ ಒಂದು ಮೂಟೆಯನ್ನೂ ಕಟ್ಟುವಂತಿಲ್ಲ.

"ಈ ಮಳೇಲಿ ಹೊರಗಿಟ್ಟಿದ್ದೇ ಒಣಗಲ್ಲ ಡಾಕ್ಟ್ರೇ. ತಲೆ ಒಳಗೆ ಬಿಸಿಲು ಎಲ್ಲಿಂದ ತರ್ತೀರಿ?"

"ಬಿಸಿಲು ಬೇಡಮ್ಮಾ. ರಕ್ತ ತಾಗಿದ ಕೂಡ್ಲೇ ಗಟ್ಟಿ ಆಗ್ತದೆ."

"ಒದ್ದೆ ಆದ್ರೆ ಒಣಗುತ್ತಾ? ಚೆನ್ನಾಗಿದೆ!"

"ಅತ್ತೆ, ಜನವರಿ ತನಕ ಅದು ಸುಮ್ನಿರ್ಬೇಕಲ್ಲ!" ಎಂದೆ ನಾನು.

"ಇಲ್ದೆ ಎಲ್ಲಿಗೆ ಹೋಗುತ್ತೆ ಮಾರಾಯ್ತಿ? ನನ್ ತಲೇಲೇ ಇರುತ್ತೆ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಜೀವಮಾನದಲ್ಲಿ ನಾನು ಅತಿ ಹೆಚ್ಚು ಜಗಳವಾಡಿದ್ದು ಈ ಹೆಂಗಸಿನ ಜೊತೆ. ಇವರಿಲ್ಲದ ಮನೆ ನನಗೆ ಬೇಡವಾಗಿತ್ತು.

ಡಾಕ್ಟರು ಕಪಾಟಿನಿಂದ ಒಂದು ಬಾಟಲಿ ತಂದರು. ವಿದ್ಯಾರ್ಥಿಗಳಿಗೆ ತೋರಿಸಲೆಂದು ನೀರಿಗೆ ಬಿಟ್ಟಿದ್ದ ಅದೇ ದ್ರವ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಅದರದೊಂದು ಚೂರನ್ನು ಎತ್ತಿ ಅತ್ತೆಯ ಅಂಗೈಗೆ ಹಾಕಿದರು. ನಾನು ಬೇಡ ಅನ್ನುವಷ್ಟರಲ್ಲಿ ಅದು ಅತ್ತೆಯ ಹಲ್ಲಿನ ನಡುವೆ ಇತ್ತು.

"ಅಯ್ಯೋ, ಉಗೀರಿ, ಉಗೀರಿ!" ಡಾಕ್ಟರು ಕಸದ ಬುಟ್ಟಿ ಹಿಡಿದು ಓಡಿಬಂದರು.

ಅತ್ತೆ ಸಾವಕಾಶವಾಗಿ ಉಗಿದು ತೀರ್ಪು ಕೊಟ್ಟರು: "ಚೂರು ಮೆತ್ತಗಿದೆ. ನೀರಲ್ಲಿ ಕೂತೂ ಇಷ್ಟಾಗಿದ್ರೆ ಪರ್ವಾಗಿಲ್ಲ. ಮಾಡಿ."

ಮರುದಿನ ಚಿಕಿತ್ಸೆ ಮುಗಿದು ಐಸಿಯು ಒಳಗೆ ಕರೆದಾಗ ನನಗಿದ್ದ ಭಯ ಒಂದೇ: ಅತ್ತೆ ಮೊದಲಿನ ಹಾಗೇ ಇರುತ್ತಾರೋ ಇಲ್ಲವೋ. ಈ ಔಷಧಿ ಹಾಕಿದ ಮೇಲೆ ಒಂದೆರಡು ದಿನ ಅವರ ಉಸಿರು ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತದೆ, ಗಾಬರಿಯಾಗಬೇಡಿ ಎಂದು ನರ್ಸ್ ಬಾಗಿಲಲ್ಲೇ ಹೇಳಿದಳು. ಬೆಳ್ಳುಳ್ಳಿಯನ್ನು ಎಂದೂ ಅಡುಗೆಮನೆಯ ಹೊಸಿಲು ದಾಟಲು ಬಿಡದ ಅತ್ತೆ ಮೆಲ್ಲಗೆ ಕಣ್ಣು ಬಿಟ್ಟರು. ಮೂಗು ಅರಳಿಸಿದರು. ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದರು.

"ಬೆಳ್ಳುಳ್ಳಿ ತಿಂದ್ಯೇನೇ?"

"ಹೌದತ್ತೆ. ತಪ್ಪಾಯ್ತು."

"ಮೊದ್ಲು ಬಾಯಿ ತೊಳ್ಕೊಂಡ್ ಬಾ, ಹೋಗು."

ಹೊರಗೆ ಹೋಗಿ, ಅಳುತ್ತ ನಗುತ್ತ, ನಲ್ಲಿಯಡಿ ಎರಡೆರಡು ಸಲ ಬಾಯಿ ತೊಳೆದುಕೊಂಡು ಬಂದೆ.