ಎರಡು ಟಬ್ಬಿನ ಮನೆಯಾಕೆ

ವಿದೇಶದಲ್ಲಿ ನಾವು ನೆಲೆಸಿರುವ ಚಾಟ್ಸ್‌ವರ್ತ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಜನ ಜಿಪ್ಸಿಗಳೆನ್ನುವ ರೊಮಾನಿ ಜನಾಂಗದವರು. "ಅಲೆಮಾರಿಗಳು, ಕೊಳಕು ಜನ, ಹುಷಾರು ಕಣ್ರೀ" ಎಂದು ದೇವಸ್ಥಾನದಲ್ಲಿ ಗೆಳತಿಯೊಬ್ಬಳು ಪಿಸುಗುಟ್ಟಿದ್ದಳು. ಪಕ್ಕದ ಮನೆಯಾಕೆಯೋ ಹುಟ್ಟಿದ್ದೇ ಆ ಮನೆಯಲ್ಲಿ. ಹಿತ್ತಿಲಲ್ಲಿ ಎರಡು ಟಬ್ಬು ಇಟ್ಟಿದ್ದರು. ನೀಲಿಯದು ಉಡುವ ಬಟ್ಟೆಗೆ, ಬಿಳಿಯದು ಅಡುಗೆಮನೆಯ ಮಸಿಬಟ್ಟೆಗೆ. ಏಕೆಂದು ಕೇಳಿದರೆ, "ಅದು ಬೇರೆ, ಇದು ಬೇರೆ" ಎಂದು ನಗುವರು.

ಕೋವಿಡ್ ಕಾಲದಲ್ಲಿ ನಾನೂ ನಮ್ಮೆಜಮಾನರೂ ಜ್ವರದಿಂದ ಮಲಗಿದೆವು. ಮಹಡಿಯಲ್ಲಿದ್ದ ಅತ್ತೆಗೆ ಸಕ್ಕರೆ ಕಾಯಿಲೆ, ಜೊತೆಗೆ ಮಡಿ. ಹೊರಗಿನ ಅನ್ನ ಮುಟ್ಟದೆ ಎರಡು ದಿನ ಬರೀ ಹಾಲು ಕುಡಿದಿದ್ದರು. ಬರಿಹೊಟ್ಟೆಗೆ ಮಾತ್ರೆ ನುಂಗಿ ಎಲ್ಲಿ ಬಿದ್ದುಬಿಡುತ್ತಾರೋ ಎಂದು ನನಗೆ ದಿಗಿಲು.

ಮೂರನೆಯ ದಿನ ಪಕ್ಕದ ಮನೆಯಾಕೆ ಅನ್ನ, ಬೇಳೆ ಬೇಯಿಸಿ ಮಹಡಿಯ ಹೊರಮೆಟ್ಟಿಲ ಮೇಲಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಅತ್ತೆಯ ಫೋನ್ ಬಂತು.

"ಊಟ ಆಯ್ತು ಕಣೇ."

"ಅತ್ತೆ, ಅದು ಪಕ್ಕದ ಮನೆಯದು!"

"ಗೊತ್ತು. ದಿನಾ ಕಿಟಕಿಯಿಂದ ನೋಡ್ತೀನಲ್ಲ. ಉಟ್ಟ ಲಂಗ ಕೈಗೆ ಸೋಕಿದ್ರೂ ತೊಳ್ಕೊಂಡೇ ಪಾತ್ರೆ ಮುಟ್ತಾಳೆ. ನೀನು ಮಸಿಬಟ್ಟೇನ ಸಾಕ್ಸ್ ಜೊತೆ ಮಷೀನಿಗೆ ಹಾಕ್ತೀಯ!"

ಸದ್ಯ, ಉಂಡರಲ್ಲ! ಬೈಸಿಕೊಂಡು ಅಷ್ಟು ಹಗುರಾಗಿದ್ದು ಅದೇ ಮೊದಲು.